ರಿಂಗ್ ಹಾಕೀಯೇನು?

ರಾಯಚೂರಿನ ತೀನ್ ಕಂದೀಲ್ ಹತ್ತಿರ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಇಷ್ಟು ವರ್ಷದಲ್ಲಿ ಗಿರಾಕಿಗಳಿಗೆ ಫೋನಿನಲ್ಲಿ ನಾನು ಜಾಸ್ತಿ ಹೇಳಿದ ಮಾತು ಒಂದೇ: "ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ." ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಯಾಕೆ ನಿಂತಿತ್ತು ಅಂತ ಅವರೂ ಕೇಳುವುದಿಲ್ಲ, ನನಗೂ ಗೊತ್ತಿರುವುದಿಲ್ಲ.

ನಮ್ಮ ಓಣಿಯ ಕಾಕಾಗೆ ಮಾತ್ರ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ವಯಸ್ಸು ಎಪ್ಪತ್ತು ದಾಟಿದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಹೈದರಾಬಾದಿನಲ್ಲಿ ಪಿಡಿಪಿ-11/40 ಎಂಬ ಹಳೇ ಕಂಪ್ಯೂಟರಿನ ಮುಂದೆ ರಾತ್ರಿ ಪಾಳಿ ಮಾಡಿದವರು. ಒಂದು ಸಂಜೆ ಅಂಗಡಿಯಲ್ಲಿ ಕೂತು ಒಗ್ಗರಣೆ-ಮಿರ್ಚಿ ತಿನ್ನುತ್ತಿದ್ದಾಗ ನನ್ನ ಫೋನಿನ ಮಾತು ಕೇಳಿಸಿಕೊಂಡರು.

"ಪಂಚನಾಮೆ ಮಾಡದ ಹೆಣಾ ಸುಟ್ಟಂಗಾತು ಬಿಡಪ" ಅಂದರು.

"ಮತ್ತ ನೀವು ಏನ್ ಮಾಡತಿದ್ರಿ ಕಾಕಾ?"

"ನಾವು 44ಕ್ಕ ಹೋಗತಿದ್ವಿ."

ಅಷ್ಟೇ ಹೇಳಿ ಎದ್ದು ಹೋದರು. 44 ಅಂದರೆ ಏನು ಅಂತ ಹುಡುಕಲು ಹೋಗಿ ನನ್ನ ಎರಡು ವಾರ ಹೋಯಿತು.

ಪಿಡಿಪಿ-11 ಮಾಲಿಕೆಯನ್ನು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1970ರಲ್ಲಿ ತಂದಿತು. ಹೆಸರಿಗೆ ಮಿನಿಕಂಪ್ಯೂಟರ್. ಎತ್ತರ ಅಲ್ಮಾರಿಯಷ್ಟು. ಅಂಥ ಯಂತ್ರ ನನಗೆ ಎಲ್ಲಿಂದ ಸಿಗಬೇಕು? ಸಿಗಬೇಕಾಗಿಲ್ಲ. ಬಾಬ್ ಸಪ್ನಿಕ್ 1993ರಲ್ಲಿ ಶುರುಮಾಡಿದ ಸಿಮ್‌ಎಚ್ ಎಂಬ ತಂತ್ರಾಂಶ ಹಳೆಯ ಯಂತ್ರಗಳಂತೆ ನಟಿಸುತ್ತದೆ. ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ 1975ರ ಆರನೇ ಆವೃತ್ತಿಯನ್ನೂ ಈಗ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 2002ರ ಜನವರಿಯಲ್ಲಿ ಕಾಲ್ಡೆರಾ ಕಂಪನಿ ಹಳೇ ಯೂನಿಕ್ಸ್‌ಗಳಿಗೆ ಮುಕ್ತ ಪರವಾನಗಿ ಕೊಟ್ಟಿತು. ಅಂಗಡಿಯ ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪನ್ನು ಮನೆಗೆ ತಂದೆ. ಒಂದು ರಾತ್ರಿಯಲ್ಲಿ ಅದು ಪಿಡಿಪಿ-11/40 ಆಯಿತು. ಮೆಮೊರಿ 248 ಕಿಲೋಬೈಟ್. ಡಿಸ್ಕು ಆರ್‌ಕೆ05, ಒಂದರಲ್ಲಿ 512 ಬೈಟಿನ 4872 ಬ್ಲಾಕ್, ಅಂದರೆ ಎರಡೂವರೆ ಎಂಬಿ ಕೂಡ ಇಲ್ಲ. ನನ್ನ ಫೋನಿನ ಒಂದು ಫೋಟೋ ಹಿಡಿಸುವುದು ಕಷ್ಟ.

ಒಳಗೆ ಹೋದರೆ ಎಲ್ಲ ಗೊತ್ತಿದ್ದಂತೆಯೂ ಇದೆ, ಏನೂ ಗೊತ್ತಿಲ್ಲದಂತೆಯೂ ಇದೆ. ಡೈರೆಕ್ಟರಿ ಬದಲಿಸಲು ಸಿಡಿ ಅಂದರೆ ಕೇಳುವುದಿಲ್ಲ, ಸಿಎಚ್‌ಡಿಐಆರ್ ಅಂತ ಐದೂ ಅಕ್ಷರ ಟೈಪ್ ಮಾಡಬೇಕು. ತಪ್ಪು ಅಕ್ಷರ ಅಳಿಸಲು ಹ್ಯಾಶ್ ಚಿಹ್ನೆ ಒತ್ತಬೇಕು. ಎಲ್ಲ ವಿಳಾಸವೂ ಆಕ್ಟಲ್‌ನಲ್ಲಿ, ಅಂದರೆ ಎಂಟರ ಲೆಕ್ಕದಲ್ಲಿ. 7 ಆದಮೇಲೆ 10. ಮೊದಲ ಮೂರು ದಿನ ತಲೆ ಕೆಟ್ಟುಹೋಯಿತು. ಆಮೇಲೆ ಹಳೇ ಆಣೆ-ಪೈ ಲೆಕ್ಕದ ಹಾಗೆ ಅಭ್ಯಾಸವಾಯಿತು.

44 ಸಿಕ್ಕಿದ್ದು ಯೂನಿಕ್ಸ್‌ನ ತಿರುಳಾದ ಕರ್ನಲ್‌ನ ಮೂಲ ಕೋಡಿನಲ್ಲಿ. ಮೆಮೊರಿಯ ಶುರುವಿನಲ್ಲೇ ಆಕ್ಟಲ್ ವಿಳಾಸ 40ರಲ್ಲಿ ಒಂದು ಜಂಪ್ (ಬೇರೆ ಕೋಡಿಗೆ ಹಾರು ಅನ್ನುವ ಆದೇಶ), 44ರಲ್ಲಿ ಇನ್ನೊಂದು. 40ರದ್ದು ಯೂನಿಕ್ಸನ್ನು ಹೊರಡಿಸುತ್ತದೆ. 44ರದ್ದು ಡಂಪ್ ಎಂಬ ಪುಟ್ಟ ಕೋಡಿಗೆ ಹೋಗುತ್ತದೆ. ಯಂತ್ರ ಬಿದ್ದಾಗ ಅದರ ಪೂರ್ತಿ ಮೆಮೊರಿಯನ್ನು ಮ್ಯಾಗ್ನೆಟಿಕ್ ಟೇಪಿಗೆ ಬರೆಯುವುದೇ ಇದರ ಕೆಲಸ. ಇಡೀ ಕೋಡು ಇಪ್ಪತ್ತೈದು ಸಾಲೂ ಇಲ್ಲ. ಸತ್ತ ಕರ್ನಲ್‌ನ ಯಾವ ಭಾಗವನ್ನೂ ಅದು ನಂಬುವುದಿಲ್ಲ. ಟೇಪ್ ಡ್ರೈವರನ್ನು ಕರೆಯುವುದಿಲ್ಲ, ಸ್ಟ್ಯಾಕ್ (ನಡೆಯುತ್ತಿರುವ ಕೆಲಸದ ಲೆಕ್ಕ ಪೇರಿಸಿಡುವ ಮೆಮೊರಿ) ಮುಟ್ಟುವುದಿಲ್ಲ, ನೇರವಾಗಿ ಟೇಪ್ ಕಂಟ್ರೋಲರ್ ಜೊತೆ ಮಾತಾಡುತ್ತದೆ. ಕೆಟ್ಟ ಮನೆಯಲ್ಲಿ ನೀರೂ ಕುಡಿಯದ ಪೊಲೀಸನ ಹಾಗೆ.

ಸರಿ, ಇನ್ನು ಯಂತ್ರವನ್ನು ಬೀಳಿಸಬೇಕು. ಇದು ಅಂದುಕೊಂಡಷ್ಟು ಸುಲಭ ಅಲ್ಲ. ಇವತ್ತಿನ ಕಂಪ್ಯೂಟರಿನಲ್ಲಿ ಕರ್ನಲ್ ವಿಳಾಸ ಸೊನ್ನೆಗೆ ಬರೆಯಲು ಹೋದರೆ ಅಲ್ಲೇ ಬೀಳುತ್ತದೆ. ಇಲ್ಲಿ ಸೊನ್ನೆಯೂ ಮಾಮೂಲಿ ಮೆಮೊರಿಯೇ. ಸುಮ್ನೆ ಬರೆದುಕೊಂಡು ಮುಂದೆ ಹೋಗುತ್ತದೆ. ಬೀಳಬೇಕು ಅಂದರೆ ಬೆಸ ವಿಳಾಸ ಬೇಕು. 16 ಬಿಟ್‌ನ ಒಂದು ಪದ (ವರ್ಡ್) ಯಾವಾಗಲೂ ಸಮ ವಿಳಾಸದಲ್ಲಿ ಇರಬೇಕು ಅನ್ನುವುದು ಪಿಡಿಪಿ-11ರ ನಿಯಮ. ಮುರಿದರೆ ಬಸ್ ಎರರ್.

ಸಿಂಕ್ ಎಂಬ ಸಿಸ್ಟಂ ಕಾಲ್, ಅಂದರೆ ಪ್ರೋಗ್ರಾಂಗಳು ಕರ್ನಲ್‌ಗೆ ಕೊಡುವ ಕರೆ, ಆರಿಸಿಕೊಂಡೆ. ಮೆಮೊರಿಯಲ್ಲಿ ಉಳಿದ ಬ್ಲಾಕುಗಳನ್ನು ಡಿಸ್ಕಿಗೆ ಬರೆದು ಮುಗಿಸುವ ಕರೆ ಅದು. ಅದರೊಳಗೆ ಒಂದು ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿಯುವ ಹೆಸರು) ಸೇರಿಸಿದೆ, ಅದಕ್ಕೆ 1 ಕೊಟ್ಟೆ, ಆ ಜಾಗಕ್ಕೆ ಸೊನ್ನೆ ಬರೆ ಅಂದೆ. ಕಂಪೈಲ್ ಮಾಡಿ ಹೊಸ ಕರ್ನಲ್‌ಗೆ ಬೇರೆ ಹೆಸರಿಟ್ಟೆ, ಹಳೆಯದು ಹಾಗೇ ಇರಲಿ ಅಂತ. ಯೋಜನೆ ಏನೆಂದರೆ, ಹೊಸ ಕರ್ನಲ್‌ನಲ್ಲಿ ಬೂಟ್ ಮಾಡುವುದು, ನಾನೇ ಸಿಂಕ್ ಅಂತ ಟೈಪ್ ಮಾಡುವುದು, ಬೀಳುವುದನ್ನು ನೋಡುವುದು.

ಟೈಪ್ ಮಾಡುವ ಮಾತೇ ಬರಲಿಲ್ಲ. ಬೂಟ್ ಆಯಿತು, ಲಾಗಿನ್ ಅಂತ ಕೇಳುವ ಮೊದಲೇ ಪರದೆ ಮೇಲೆ ನಾಲ್ಕು ಸಾಲು ಬಂದವು. ಕೆಎ6 2006. ಎಪಿಎಸ್ 141714. ಟ್ರ್ಯಾಪ್ ಟೈಪ್ 0. ಪ್ಯಾನಿಕ್: ಟ್ರ್ಯಾಪ್.

ಟ್ರ್ಯಾಪ್ ಅಂದರೆ ತಪ್ಪಾದಾಗ ಯಂತ್ರ ಕರ್ನಲ್‌ಗೆ ಹಾರುವುದು, ಪ್ಯಾನಿಕ್ ಅಂದರೆ ಕರ್ನಲ್ ಕೈಚೆಲ್ಲುವುದು. ಟೈಪ್ 0 ಅಂದರೆ ಬಸ್ ಎರರ್. ನಾನು ಬೇಕು ಅಂದದ್ದೇ. ಆದರೆ ನಾನು ಏನೂ ಮುಟ್ಟಿರಲಿಲ್ಲವಲ್ಲ! ಬೇರೆ ಎಲ್ಲೋ ಕೈತಪ್ಪಿ ಏನಾದರೂ ಬದಲಿಸಿದೆನಾ? ಕೈ ತಾನಾಗಿಯೇ ಕ್ವಿಟ್ ಕಡೆ ಹೋಯಿತು, ಇನ್ನೊಮ್ಮೆ ಬೂಟ್ ಮಾಡೋಣ ಅಂತ. ಕಾಕಾ ನೆನಪಾಗಿ ನಿಲ್ಲಿಸಿದೆ.

ಕಂಟ್ರೋಲ್-ಇ ಒತ್ತಿದರೆ ಸಿಮ್‌ಎಚ್ ಯಂತ್ರವನ್ನು ಇದ್ದ ಹಾಗೇ ನಿಲ್ಲಿಸುತ್ತದೆ. ಒಂದು ಖಾಲಿ ಟೇಪ್ ಫೈಲ್ ಜೋಡಿಸಿದೆ. "ಗೋ 44" ಅಂದೆ. ಕರ್ಸರ್ ಮಿನುಗುತ್ತಾ ನಿಂತಿತು. ಬರೆಯುತ್ತಿರಬೇಕು ಅಂದುಕೊಂಡು ಚಹಾ ಮಾಡಿಕೊಂಡು ಬಂದೆ. ಇಪ್ಪತ್ತು ನಿಮಿಷ ಆಯಿತು. ಟೇಪ್ ಫೈಲಿನ ಗಾತ್ರ ಸೊನ್ನೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ದೋಸೆ ಹಿಟ್ಟಿಗೆ ಗ್ರೈಂಡರ್ ಶುರುವಾಯಿತು. ಕೂಲರ್ ಮೊದಲೇ ಓಡುತ್ತಿತ್ತು. ಮನೆಯ ಫ್ಯೂಸ್ ಹಾರಿತು. ಯಂತ್ರದ ಜೊತೆ ಅದರ ಹೆಣವೂ ಹೋಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಾಲದ ಎಷ್ಟೋ ಪಿಡಿಪಿ-11ಗಳಲ್ಲಿ ಇದ್ದದ್ದು ಕೋರ್ ಮೆಮೊರಿ. ತಂತಿಯಲ್ಲಿ ಪೋಣಿಸಿದ ಫೆರೈಟ್ ಉಂಗುರಗಳು, ಒಂದೊಂದರಲ್ಲಿ ಒಂದು ಬಿಟ್. ಕರೆಂಟ್ ಹೋದರೂ ಅವುಗಳ ಕಾಂತ ಹೋಗುವುದಿಲ್ಲ, ಬರೆದದ್ದು ಉಳಿಯುತ್ತದೆ. ಕೋರ್ ಡಂಪ್ ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ. ನಲವತ್ತು-ಐವತ್ತು ವರ್ಷ ಮುಂದೆ ಬಂದ ನನ್ನ ಡೆಸ್ಕ್‌ಟಾಪ್ ಗ್ರೈಂಡರ್ ಮುಂದೆ ನಿಲ್ಲಲಿಲ್ಲ.

ಬೆಳಗ್ಗೆ ಕಾಕಾಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ.

"ಸ್ಟಾರ್ಟ್ ಒತ್ತಿದ್ಯಾ, ಕಂಟಿನ್ಯೂ ಒತ್ತಿದ್ಯಾ?" ಅಂದರು.

"ಎರಡೂ ಇಲ್ಲ ಕಾಕಾ, ಗೋ ಅಂತ ಟೈಪ್ ಮಾಡೀನಿ."

"ಅದೇನ್ ಗೋನೋ ನನಗ ಗೊತ್ತಿಲ್ಲ. ನಾವು ಹಾಲ್ಟ್ ಕೆಳಗ ಮಾಡತಿದ್ವಿ. ಸ್ವಿಚ್ಚಿನಾಗ 44 ಇಡತಿದ್ವಿ. ಲೋಡ್ ಅಡ್ರೆಸ್. ಹಾಲ್ಟ್ ಮ್ಯಾಗ. ಆಮ್ಯಾಗ ಸ್ಟಾರ್ಟ್. ಸ್ಟಾರ್ಟ್ ಒತ್ತಿದ್ರ ಎಲ್ಲಾ ರೀಸೆಟ್ ಆಗತದ, ಮ್ಯಾಪಿಂಗ್ ಬಂದ್ ಆಗತದ. ಮ್ಯಾಪಿಂಗ್ ಚಾಲೂ ಇದ್ರ ಡಂಪ್ ಮುಂದ ಹೋಗಂಗಿಲ್ಲ, ಅಲ್ಲೇ ಗಿರಕಿ ಹೊಡೀತದ."

ಕೋಡ್ ತೆಗೆದು ನೋಡಿದೆ. ಡಂಪ್‌ನ ಮೊದಲ ಎರಡು ಸಾಲು ಅದೇ. ಎಸ್‌ಎಸ್‌ಆರ್0 ಎಂಬ ರಿಜಿಸ್ಟರಿನ (ಪ್ರೊಸೆಸರಿನೊಳಗಿನ ಪುಟ್ಟ ಖಾನೆಯ) ಕೊನೆಯ ಬಿಟ್ ನೋಡು, ಅದು 1 ಇದ್ದರೆ ಮತ್ತೆ ಡಂಪ್‌ಗೇ ಹೋಗು. ಮೆಮೊರಿ ಮ್ಯಾಪಿಂಗ್ (ಪ್ರೋಗ್ರಾಂಗೆ ಕಾಣುವ ವಿಳಾಸವನ್ನು ಮೆಮೊರಿಯ ನಿಜವಾದ ವಿಳಾಸಕ್ಕೆ ಬದಲಿಸುವುದು) ಚಾಲೂ ಇದ್ದಷ್ಟು ಹೊತ್ತು ಆ ಬಿಟ್ 1. ನೂರು ಸಲ ಓದಿದ ಸಾಲುಗಳು, ಕಣ್ಣಿಗೆ ಬಿದ್ದಿರಲಿಲ್ಲ. ಸಿಮ್‌ಎಚ್‌ನಲ್ಲಿ "ಗೋ" ಏನನ್ನೂ ರೀಸೆಟ್ ಮಾಡದೆ ಹೊರಡುತ್ತದೆ. "ರನ್" ಎಲ್ಲ ಸಾಧನಗಳನ್ನು ರೀಸೆಟ್ ಮಾಡಿ ಹೊರಡುತ್ತದೆ. ನನಗೆ ಬೇಕಾಗಿದ್ದದ್ದು ರನ್.

"ಪಿಸಿ ಬರಕೊಂಡಿ?" ಅಂತ ಕೇಳಿದರು ಕಾಕಾ. ಪಿಸಿ ಅಂದರೆ ಪ್ರೋಗ್ರಾಂ ಕೌಂಟರ್, ಯಂತ್ರ ಮುಂದೆ ಓಡಿಸಬೇಕಾದ ಆದೇಶದ ವಿಳಾಸ.

"ಡಂಪಿನಾಗ ಬರಲ್ಲೇನ್ರಿ?"

"ಬರಂಗಿಲ್ಲ. 44 ಇಟ್ಟು ಸ್ಟಾರ್ಟ್ ಒತ್ತಿದ ಕೂಡಲೇ ಹಳೇದು ಹೋತು. ಪ್ಯಾನಿಕ್ ಆಗಿದ್ರ ನಡೀತದ. ಸುಮ್ನ ಹ್ಯಾಂಗ್ ಆಗಿ ನೀನಾ ನಿಲ್ಸಿದ್ರ, ಪಿಸಿ ಬರಕೊಳ್ಳದಿದ್ರ ಎಲ್ಲಿ ಗಿರಕಿ ಹೊಡೀತಿತ್ತು ಅಂತ ಹೆಂಗ ತಿಳೀಬೇಕು? ನಾವು ದೀಪಾ ನೋಡಿ ನೋಟ್‌ಬುಕ್ಕಿನಾಗ ಬರೀತಿದ್ವಿ." ಆಮೇಲೆ ಫೋನ್ ಇಡುವ ಮೊದಲು: "ಟೇಪಿಗೆ ರಿಂಗ್ ಹಾಕೀಯೇನು?"

ನಕ್ಕೆ. ಟೇಪ್ ರೀಲಿನ ಹಿಂಬದಿಗೆ ಒಂದು ಪ್ಲಾಸ್ಟಿಕ್ ರಿಂಗ್ ಹಾಕಿದರೆ ಮಾತ್ರ ಆ ಟೇಪಿನ ಮೇಲೆ ಬರೆಯಲು ಆಗುತ್ತದೆ, ಇಲ್ಲದಿದ್ದರೆ ಓದಲು ಮಾತ್ರ. ನನ್ನ ಟೇಪ್ ಒಂದು ಫೈಲ್. ಅದಕ್ಕೆ ಎಲ್ಲಿಯ ರಿಂಗ್ ಅಂದುಕೊಂಡೆ.

ರಾತ್ರಿ ಗ್ರೈಂಡರ್ ಮುಗಿದ ಮೇಲೆ ಮತ್ತೆ ಕೂತೆ. ಡಿಸ್ಕಿನ ಹಳೇ ನಕಲು ತಂದಿಟ್ಟೆ. ಕಾಕಾ ಕಾಲದಲ್ಲಿ ಯಂತ್ರ ಬಿದ್ದ ಮೇಲೆ ಡಿಸ್ಕ್ ಸರಿಮಾಡಲು ಐಚೆಕ್, ಡಿಚೆಕ್ ಎಂಬ ಪ್ರೋಗ್ರಾಂ ಓಡಿಸಿ, ಕೆಟ್ಟ ಐನೋಡುಗಳನ್ನು (ಫೈಲುಗಳ ದಾಖಲೆಗಳನ್ನು) ಕೈಯಾರೆ ಒರೆಸಬೇಕಿತ್ತು. ನನಗೆ ಒಂದು ಕಾಪಿ ಸಾಕು. ಬೂಟ್ ಮಾಡಿದೆ. ಅದೇ ನಾಲ್ಕು ಸಾಲು, ಅವೇ ಸಂಖ್ಯೆ. ನಿಲ್ಲಿಸಿದೆ, ಪಿಸಿ ಬರೆದುಕೊಂಡೆ. "ರನ್ 44."

ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಟೇಪ್ ಫೈಲ್ ಮತ್ತೆ ಸೊನ್ನೆ.

ಇದು ನನ್ನದೇ ದಡ್ಡತನ. ಹಳೇ ಟೇಪುಗಳನ್ನು ಓದುವಾಗ ಕೆಡದಿರಲಿ ಅಂತ ಜೋಡಿಸುವ ಆದೇಶಕ್ಕೆ ಮೈನಸ್-ಆರ್ ಸೇರಿಸುವುದು ನನಗೆ ಅಭ್ಯಾಸ. ಆರ್ ಅಂದರೆ ಓದಲು ಮಾತ್ರ. ಕೈ ಈ ಸಲವೂ ಅದನ್ನೇ ಬರೆದಿತ್ತು. ಅಂದರೆ, ರಿಂಗ್ ಹಾಕಿರಲಿಲ್ಲ!

ಆದರೂ ಡಂಪ್ ಯಾಕೆ ದೂರಲಿಲ್ಲ? ಅದಕ್ಕೆ ದೂರಲು ಬಾಯೇ ಇಲ್ಲ. ಮೆಮೊರಿ ಎಷ್ಟಿದೆ ಅಂತ ಅದಕ್ಕೆ ಗೊತ್ತಿಲ್ಲ. 512 ಬೈಟಿನ ತುಂಡು ತುಂಡಾಗಿ ಬರೆಯುತ್ತಾ ಹೋಗುತ್ತದೆ. ಇಲ್ಲದ ಮೆಮೊರಿ ಬಂದಾಗ ಟೇಪ್ ಕಂಟ್ರೋಲರ್ ಎರರ್ ಕೊಡುತ್ತದೆ. ಎರರ್ ಬಂತು ಅಂದರೆ ಮೆಮೊರಿ ಮುಗಿಯಿತು ಅಂತ ಅರ್ಥ. ಯಾವ ಎರರ್ ಅಂತ ನೋಡುವುದಿಲ್ಲ. ರಿಂಗ್ ಇಲ್ಲ ಅನ್ನುವ ಎರರ್ ಮೊದಲ ತುಂಡಿಗೇ ಬಂತು, ಅದೂ ಕೆಲಸ ಮುಗಿಯಿತು ಅಂದುಕೊಂಡಿತು. ಟೇಪ್ ಹೊಸದಿರಬೇಕು, ಸ್ವಚ್ಛ ಇರಬೇಕು ಅಂತ ಕಾಕಾ ಯಾಕೆ ಅಷ್ಟು ಹೇಳುತ್ತಿದ್ದರು ಅಂತ ಆಗ ತಿಳಿಯಿತು. ಟೇಪಿನಲ್ಲಿ ಒಂದು ಕಲೆ ಇದ್ದರೆ ಅರ್ಧ ಹೆಣದ ಪಂಚನಾಮೆ.

ಮೈನಸ್-ಆರ್ ತೆಗೆದು ಮತ್ತೆ "ರನ್ 44" ಅಂದೆ. ಈ ಸಲ ಫೈಲಿನ ಗಾತ್ರ 257924 ಬೈಟ್. ಲೆಕ್ಕ ಹಾಕಿದೆ. 248 ಕಿಲೋಬೈಟ್ ಅಂದರೆ 496 ತುಂಡು. ಸಿಮ್‌ಎಚ್ ಪ್ರತಿ ತುಂಡಿನ ಹಿಂದೆ ಮುಂದೆ ಅದರ ಉದ್ದವನ್ನು ನಾಲ್ಕು ನಾಲ್ಕು ಬೈಟಿನಲ್ಲಿ ಬರೆಯುತ್ತದೆ. ಕೊನೆಯಲ್ಲಿ ಟೇಪ್ ಮುಗಿದ ಗುರುತು ನಾಲ್ಕು ಬೈಟ್. ತಾಳೆಯಾಯಿತು. ಅಂಗಡಿಯಲ್ಲಿ ದಿನದ ಗಲ್ಲಾ ಲೆಕ್ಕ ಕೂಡ ನನಗೆ ಇಷ್ಟು ಸರಿಯಾಗಿ ತಾಳೆಯಾಗುವುದಿಲ್ಲ.

ಒಂದು ಪುಟ್ಟ ಪೈಥಾನ್ ಕೋಡಿನಿಂದ ಆ ಹೆಚ್ಚಿನ ಬೈಟುಗಳನ್ನು ತೆಗೆದು, ಬರೀ ಮೆಮೊರಿ ಉಳಿಸಿಕೊಂಡೆ. ಓದಲು ಲಿನಕ್ಸ್‌ನ ಓಡಿ ಆದೇಶ ಸಾಕು. ಓಡಿ ಅಂದರೆ ಓಡುವುದಲ್ಲ, ಆಕ್ಟಲ್ ಡಂಪ್. ಏನೂ ಹೇಳದಿದ್ದರೆ ಅದು ಇವತ್ತಿಗೂ 16 ಬಿಟ್ ಪದಗಳನ್ನು ಆಕ್ಟಲ್‌ನಲ್ಲೇ ತೋರಿಸುತ್ತದೆ. ಯಾಕೆ ಹಾಗೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಪಿಡಿಪಿ-11ರ ಕಾಲದ ಅಭ್ಯಾಸ, ಹಾಗೇ ಉಳಿದಿದೆ.

ವಿಳಾಸ 4ರಿಂದ 22ರವರೆಗೆ ಎಂಟು ರಿಜಿಸ್ಟರ್ ಇರುತ್ತವೆ: ಆರ್0ಯಿಂದ ಆರ್5, ಸ್ಟ್ಯಾಕ್ ಪಾಯಿಂಟರ್, ಆಮೇಲೆ ಕೆಎ6. ಆರ್0ದಲ್ಲಿ 172522 ಇತ್ತು. ಇದು ಎಲ್ಲೋ ನೋಡಿದ ಸಂಖ್ಯೆ ಅನ್ನಿಸಿತು. ನೋಡಿದ್ದು ಡಂಪಿನ ಕೋಡಿನಲ್ಲೇ, ಟೇಪ್ ಕಂಟ್ರೋಲರಿನ ವಿಳಾಸ. ಮೊದಲ ಸಲ ರಿಂಗ್ ಇಲ್ಲದೆ ಓಡಿದಾಗ ಡಂಪ್ ತನ್ನ ಕೆಲಸಕ್ಕೆ ಆರ್0 ಬಳಸಿಕೊಂಡಿತ್ತು. ಎರಡನೇ ಸಲ ಉಳಿಸಿದ್ದು ಆ ಎಂಜಲನ್ನು. ಸತ್ತಾಗಿನ ನಿಜವಾದ ಆರ್0 ಹೋಯಿತು. ನನ್ನ ಅದೃಷ್ಟಕ್ಕೆ ಅದು ಬೇಕಾಗಲಿಲ್ಲ.

ಬೇಕಾಗಿದ್ದದ್ದು ಕೆಎ6. ಆರನೇ ಆವೃತ್ತಿಯಲ್ಲಿ ಆ ಹೊತ್ತಿಗೆ ನಡೆಯುತ್ತಿರುವ ಪ್ರೋಗ್ರಾಂನ ಜಾತಕ ಮತ್ತು ಅದರ ಕರ್ನಲ್ ಸ್ಟ್ಯಾಕ್ ಎರಡೂ ಸೇರಿ 1024 ಬೈಟಿನ ಒಂದು ಜಾಗದಲ್ಲಿ ಇರುತ್ತವೆ. ಕರ್ನಲ್‌ಗೆ ಅದು ಯಾವಾಗಲೂ 140000ದಲ್ಲಿ ಕಾಣುತ್ತದೆ. ನಿಜವಾಗಿ ಮೆಮೊರಿಯಲ್ಲಿ ಎಲ್ಲಿದೆ ಅಂತ ಹೇಳುವುದು ಕೆಎ6, 64 ಬೈಟುಗಳ ಲೆಕ್ಕದಲ್ಲಿ. 64 ಅಂದರೆ ಆಕ್ಟಲ್‌ನಲ್ಲಿ 100. ಹಾಗಾಗಿ ಗುಣಾಕಾರ ಬೇಡ, ಎರಡು ಸೊನ್ನೆ ಸೇರಿಸಿದರೆ ಆಯಿತು. 2006 ಅಂದರೆ 200600. ಆಕ್ಟಲ್ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಎಪಿಎಸ್ ಅಂದರೆ ಬಿದ್ದ ಕ್ಷಣದ ಸ್ಟೇಟಸ್ ಪದ ಸ್ಟ್ಯಾಕಿನಲ್ಲಿ ಎಲ್ಲಿದೆ ಅನ್ನುವ ವಿಳಾಸ. ಅದಕ್ಕಿಂತ ಎರಡು ಕೆಳಗೆ ಬಿದ್ದ ಕ್ಷಣದ ಪಿಸಿ ಇರುತ್ತದೆ. 141712. ಡಂಪಿನಲ್ಲಿ ಅದು 202512. ಅಲ್ಲಿದ್ದ ಸಂಖ್ಯೆಯನ್ನು ಕರ್ನಲ್‌ನ ಹೆಸರುಗಳ ಪಟ್ಟಿಯ ಜೊತೆ ಹೋಲಿಸಿದೆ. ಸಿಂಕ್ ಒಳಗೇ ಇತ್ತು. ಆ ವಿಳಾಸದ ಒಂದು ಪದ ಹಿಂದೆ ನೋಡಿದರೆ 005014, ಅಂದರೆ ಆರ್4 ತೋರಿಸುವ ಜಾಗವನ್ನು ಸೊನ್ನೆ ಮಾಡು. ಅದರ ಹಿಂದೆ 012704, 000001: ಆರ್4ಗೆ 1 ಹಾಕು. ನಾನು ಬರೆದ ಎರಡು ಸಾಲು, ಹಾಗೇ ಹಸಿಹಸಿಯಾಗಿ ಮಲಗಿದ್ದವು. ಅಂದರೆ ಬೇರೆ ಎಲ್ಲೂ ಕೈತಪ್ಪಿಲ್ಲ. ಬಾಂಬ್ ನನ್ನದೇ. ಹೊತ್ತಿಸಿದವನು ಮಾತ್ರ ಬೇರೆ.

ಇನ್ನೊಂದು ಅದೃಷ್ಟವೂ ಇಲ್ಲೇ ಗೊತ್ತಾಯಿತು. ಪ್ಯಾನಿಕ್ ಆಗುವಾಗ ಕರ್ನಲ್ ಕೊನೆಯದಾಗಿ ಡಿಸ್ಕಿಗೆ ಬರೆಯಲು ನೋಡುತ್ತದೆ. ಆದರೆ ಸಿಂಕನ್ನು ಕರೆಯುವುದಿಲ್ಲ, ಅದರ ಒಳಗಿನ ಅಪ್‌ಡೇಟ್ ಎಂಬ ಫಂಕ್ಷನ್ನನ್ನು ಕರೆಯುತ್ತದೆ. ನಾನೇನಾದರೂ ಆ ಎರಡು ಸಾಲನ್ನು ಅಲ್ಲಿ ಇಟ್ಟಿದ್ದರೆ ಪ್ಯಾನಿಕ್‌ನೊಳಗೆ ಟ್ರ್ಯಾಪ್, ಟ್ರ್ಯಾಪ್‌ನೊಳಗೆ ಪ್ಯಾನಿಕ್. ದೇವರು ದೊಡ್ಡವನು.

ಹಾಗಾದರೆ ಸಿಂಕ್ ಅಂದವರು ಯಾರು? ಸ್ಟ್ಯಾಕಿನ ತುದಿಗೆ ಹೋದೆ. ಪ್ರೋಗ್ರಾಂ ಕರ್ನಲ್‌ಗೆ ಬರುವಾಗ ತನ್ನ ಪಿಸಿಯನ್ನು 141774ರಲ್ಲಿ ಬಿಟ್ಟು ಬರುತ್ತದೆ. ಚಪ್ಪಲಿ ಹೊಸ್ತಿಲ ಹೊರಗೆ ಬಿಟ್ಟ ಹಾಗೆ. ಡಂಪಿನಲ್ಲಿ 202574. ಅಲ್ಲಿದ್ದದ್ದು ತೀರಾ ಸಣ್ಣ ಸಂಖ್ಯೆ. ಅಂದರೆ ಪ್ರೋಗ್ರಾಂ ಬಹಳ ಚಿಕ್ಕದು, ನಾವು ಟೈಪ್ ಮಾಡಿದ ಆದೇಶ ಓದುವ ಶೆಲ್ ಅಲ್ಲ. ಆ 1024 ಬೈಟ್ ಮುಗಿದ ಕೂಡಲೇ, 202600ರಿಂದ, ಪ್ರೋಗ್ರಾಂನ ಸ್ವಂತ ಮೆಮೊರಿ ಶುರು. ಪಿಸಿ ತೋರಿಸಿದ ಜಾಗದ ಒಂದು ಪದ ಹಿಂದೆ 104444 ಇತ್ತು. 104400 ಅಂದರೆ ಸಿಸ್ಟಂ ಕಾಲ್. ಉಳಿದ 44 ಕರೆಯ ನಂಬರು. ಆಕ್ಟಲ್ 44 ಅಂದರೆ ನಮ್ಮ 36, ಅದು ಸಿಂಕ್‌ನದೇ. ಇಲ್ಲೂ 44! ಡಂಪಿನ 44ಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಆದರೂ ರಾತ್ರಿ ಒಂದೂವರೆಗೆ ಮೈ ಜುಂ ಅಂದಿತು.

ಪ್ರೋಗ್ರಾಂನ ಹೆಸರು ಮಾತ್ರ ಸಿಗಲಿಲ್ಲ. ಆರನೇ ಆವೃತ್ತಿ ಆ ಜಾತಕದಲ್ಲಿ ಹೆಸರು ಬರೆದಿಡುವುದಿಲ್ಲ. ಹಾಗಾಗಿ ಹಳೇ ಕರ್ನಲ್‌ನಲ್ಲಿ ಬೂಟ್ ಮಾಡಿ, ಬೂಟ್ ಆಗುವಾಗ ಓಡುವ ಆರ್‌ಸಿ ಫೈಲ್ ತೆಗೆದೆ. ಅದರಲ್ಲಿ ಒಂದು ಸಾಲು: ಇಟಿಸಿ ಎಂಬ ಡೈರೆಕ್ಟರಿಯ ಅಪ್‌ಡೇಟ್. ಕರ್ನಲ್‌ನ ಫಂಕ್ಷನ್ ಅಲ್ಲ, ಅದೇ ಹೆಸರಿನ ಪ್ರೋಗ್ರಾಂ. ಅದರ ಫೈಲನ್ನು ಓಡಿಗೆ ಕೊಟ್ಟೆ. ತಲೆಯ ಎಂಟು ಪದ ಬಿಟ್ಟು ಓದಿದರೆ ಡಂಪಿನಲ್ಲಿದ್ದ ಅದೇ ಸಂಖ್ಯೆಗಳು ಸಾಲಾಗಿ ಬಂದವು. 104444 ಕೂಡ ಅದೇ ಜಾಗದಲ್ಲಿ. 30 ಸೆಕೆಂಡಿಗೊಮ್ಮೆ ಸಿಂಕ್ ಅನ್ನುವುದೊಂದೇ ಅದರ ಕೆಲಸ.

ಮೂಲ ತಪ್ಪು ಇನ್ನೂ ಸಣ್ಣದು. ಸ್ವಿಚ್ ರಿಜಿಸ್ಟರಿನಲ್ಲಿ, ಅಂದರೆ ಯಂತ್ರದ ಮುಂಬದಿಯ ಸ್ವಿಚ್ಚುಗಳಲ್ಲಿ, 173030 ಇಟ್ಟು ಬೂಟ್ ಮಾಡಿದ್ದರೆ ಯಂತ್ರ ಒಬ್ಬರೇ ಬಳಸುವ ಸ್ಥಿತಿಯಲ್ಲಿ ಬರುತ್ತಿತ್ತು. ಆರ್‌ಸಿ ಓಡುತ್ತಿರಲಿಲ್ಲ, ಅಪ್‌ಡೇಟ್ ಬರುತ್ತಿರಲಿಲ್ಲ. ನಾನು ಸೊನ್ನೆ ಬಿಟ್ಟಿದ್ದೆ.

ಭಾನುವಾರ ಕಾಕಾ ಮನೆಗೆ ಬಂದರು. ನಂತರದ ದಿನಗಳಲ್ಲಿ ಅವರು ವ್ಯಾಕ್ಸ್ ಯಂತ್ರದಲ್ಲೂ ಕೆಲಸ ಮಾಡಿದ್ದರಂತೆ. ಅಲ್ಲಿನ ಆಪರೇಟಿಂಗ್ ಸಿಸ್ಟಂ ವಿಎಂಎಸ್ ಹ್ಯಾಂಗ್ ಆದರೆ ಕನ್ಸೋಲಿನಿಂದ ಪಿಸಿಗೆ ಎಂಟು ಎಫ್ ತುಂಬಿ ಮುಂದುವರಿಸಿದರೆ, ಅದು ತಾನೇ ಬಿದ್ದು ಡಂಪನ್ನು ಡಿಸ್ಕಿಗೆ ಬರೆದುಕೊಳ್ಳುತ್ತಿತ್ತು. ಓದಲು ಎಸ್‌ಡಿಎ ಅಂತ ಬೇರೆ ಪ್ರೋಗ್ರಾಂ, ಸ್ಟ್ಯಾಕ್ ತೋರಿಸು ಅಂದರೆ ತೋರಿಸುತ್ತಿತ್ತು. "ಅದರಾಗ ಮಜಾ ಇಲ್ಲ ಬಿಡು" ಅಂದರು.

ನಾನು ಏನೂ ಹೇಳದೆ ಡಂಪಿನ ಆ ಭಾಗ ಪರದೆ ಮೇಲೆ ತೆರೆದಿಟ್ಟೆ. ಕನ್ನಡಕ ಹಣೆಗೆ ಏರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು. ಬೆರಳು ಸಾಲಿನ ಮೇಲೆ ಹೋಗುತ್ತಾ ಹೋಗುತ್ತಾ 104444ರ ಮೇಲೆ ನಿಂತಿತು.

"ಸಿಂಕ್" ಅಂದರು. ಪುಸ್ತಕ ನೋಡಲಿಲ್ಲ, ಲೆಕ್ಕ ಹಾಕಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್‌ಡೇಟ್ ಏನು?"

"ಹೌದ್ರಿ ಕಾಕಾ."

"ಟೇಪ್ ಎಲ್ಲೈತಿ?"

"ಇನ್ನೂ ಜೋಡಿಸೇ ಐತ್ರಿ."

"ಹುಚ್ಚಾ, ಮೊದಲ ರಿಂಗ್ ತಗಿ. ಯಾರರ 44ಕ್ಕ ಹೋದ್ರ ಅದರ ಮ್ಯಾಲೇ ಬರೀತದ."

ಟೇಪ್ ಬಿಚ್ಚಿದೆ. ಈ ಸಲ ಮೈನಸ್-ಆರ್ ಹಾಕಿ ಮತ್ತೆ ಜೋಡಿಸಿದೆ.